ಮೊದಲ ಒಕ್ಕಲು

ಕಲಪಾನಾದ ರಸ್ತೆ ಒಂದೆಡೆ ಸುಮ್ಮನೆ ನಿಂತುಬಿಡುತ್ತದೆ,
ಹೇಳಹೊರಟ ಹೆಸರು ನಾಲಗೆಯಲ್ಲೇ ಕರಗಿದ ಹಾಗೆ.
ನಡುವಿನ ಹಳದಿ ಗೆರೆ ಕಲ್ಲಿನಡಿ ನುಸುಳಿ ಹೋಗಿದೆ.
ಆಚೆಗೆ, ಕಡಲು ಮುಟ್ಟುವ ತನಕ,
ತಳ ಹಿಡಿದ ಬೆಲ್ಲದ ಪಾಕ,
ಮಡಿಕೆ ಮಡಿಕೆಯಾಗಿ ಆರಿದ್ದು.
ಕಾಲಿಟ್ಟರೆ ಗಾಜಿನ ಸದ್ದು.

ತುದಿಯ ಹತ್ತೆಕರೆ ನನ್ನ ಮಗಳಿಗಿಂತ ಚಿಕ್ಕದು.
ಪಹಣಿಯಿಲ್ಲ, ಮೇರೆಯಿಲ್ಲ, ಹಕ್ಕಿಯ ಹಿಕ್ಕೆಯೂ ಇಲ್ಲ.
ಸರ್ಕಾರದ್ದಂತೆ.
ಸರ್ಕಾರ ಇನ್ನೂ ನೋಡಲು ಬಂದಿಲ್ಲ.

ಬಂದದ್ದು ಜೀರುಂಡೆ.
ಹುಲ್ಲಿಗಿಂತ ಮೊದಲು, ಜರಿಗಿಡಕ್ಕಿಂತ ಮೊದಲು,
ನೆಲದೊಡಲು ಪೂರಾ ತಣಿಯುವ ಮೊದಲು.
ಕರಿದು, ಉಗುರಿನಷ್ಟುದ್ದ, ರೆಕ್ಕೆಯಿಲ್ಲ.
ರೆಕ್ಕೆಯಿಲ್ಲದ ಮೇಲೆ ಉಜ್ಜಿ ಹಾಡುವುದೆಲ್ಲಿ?
ಜೀರ್ ಎನ್ನದ ಜೀರುಂಡೆ.
ಗೃಹಪ್ರವೇಶಕ್ಕೆ ಓಲಗವಿಲ್ಲ;
ಉಕ್ಕಿಸುವ ಶಾಸ್ತ್ರವನ್ನು
ಬೆಂಕಿ ತಾನೇ ಮುಗಿಸಿ ಹೋಗಿತ್ತು.

ಉಣ್ಣುವುದು ಗಾಳಿ ತಂದದ್ದನ್ನು:
ಯಾವುದೋ ಕಾಡಿನ ಎಲೆಚೂರು, ಸತ್ತ ನೊಣದ ಕಾಲು,
ಅಲೆ ಎರಚಿದ ನೊರೆಯ ಒಣಗಿದ ಅಂಚು.
ಅಷ್ಟು ಸಾಕು ಅದಕ್ಕೆ.

ಅವನ್ನು ಎಣಿಸುವುದು ನನ್ನ ಸಂಬಳದ ಕೆಲಸ.
ಭರಣಿಯೊಳಗೆ ಕೊಳೆತ ಚೀಸ್ ತುಂಡು,
ಸಂಜೆ ಬಿರುಕಿಗಿಳಿಸಿ, ಮುಂಜಾವ ಎತ್ತುತ್ತೇನೆ.
ಮೂರು. ಏಳು. ಬಹಳ ದಿನ ಸೊನ್ನೆ.
ಎಣಿಸಿ ಮತ್ತೆ ಅಲ್ಲೇ ಬಿಡಬೇಕು.
ನಾವು ತಿಂದ ತಿಂಡಿಯ ಒಂದು ಚೂರೂ ಉದುರಬಾರದು, ಅದು ನಿಯಮ.

ಗುರುವಾರ ಗುರುವಾರ ಕಿಮೊ ಮೆಡೈರೋಸ್ ಬರುತ್ತಾನೆ,
ಮಡಚುವ ಕುರ್ಚಿ ಹೆಗಲಿಗೆ ಹಾಕಿಕೊಂಡು.
"ನಿನ್ನ ನಾಲ್ಕನೇ ಭರಣಿ ನಮ್ಮ ಅಡುಗೆಮನೆಯ ಮೇಲಿದೆ,"
ಅನ್ನುತ್ತಾನೆ. "ಹನ್ನೊಂದು ಮೀಟರು ಕೆಳಗೆ. ಒಲೆ ಎಡಕ್ಕೆ."
ಅವನ ಬೆರಳು ತೋರಿದ ಕಡೆ ನೋಡಿದರೆ
ಅದೇ ಕಪ್ಪು.

ಹೋದ ವಾರ ನಾನು ಅತ್ತ ತಿರುಗಿದ್ದಾಗ
ಡಬ್ಬಿಯ ಅನ್ನ ಒಂದು ಹಿಡಿ ಅಲ್ಲಿ ಹಾಕಿದ್ದಾನೆ.
ಮರುದಿನ ನಾಲ್ಕನೇ ಭರಣಿಯಲ್ಲಿ ಹತ್ತೊಂಬತ್ತು.
ಸಿಟ್ಟು ಬಂತು. ಆಮೇಲೆ,
ಒಲೆ ಎಡಕ್ಕೆ ಎಂದದ್ದು ನೆನಪಾಯಿತು.
ಪಟ್ಟಿಯ ಷರಾ ಕಾಲಮ್ಮಿನಲ್ಲಿ ಬರೆದೆ:
ಮನೆಯವರು ಬಡಿಸಿದ್ದು. ಲೆಕ್ಕಕ್ಕೆ ಸೇರಿಸಬೇಡಿ.

ಹಸಿರು ಬಂದಲ್ಲಿ ಇವು ಉಳಿಯುವುದಿಲ್ಲ.
ಬೇರಿಳಿದು, ಎಲೆ ಕೊಳೆತು, ಕಲ್ಲು ಮಣ್ಣಾಗತೊಡಗಿದರೆ
ಕಿರುಚದೆ, ಬಾಡಿಗೆ ಬಾಕಿ ಇಲ್ಲದೆ,
ಇನ್ನೂ ಹೊಸ ಕಲ್ಲು ಹುಡುಕಿ ಹೊರಡುತ್ತವೆ.

ಇವತ್ತು ನಾಲ್ಕನೇ ಭರಣಿ ಖಾಲಿ.
ಎತ್ತುವಾಗ ಬಿರುಕಿನ ಒಳಗೋಡೆಗೆ ಟಾರ್ಚು ತಾಗಿತು.
ಮಗುವಿನ ಮುಷ್ಟಿಯಂತೆ ಸುರುಳಿ ಸುತ್ತಿದ ಒಂದು ಜರಿಕುಡಿ,
ತುದಿಯಲ್ಲಿ ಹನಿ.

ಕಿಮೊಗೆ ಇನ್ನೂ ಹೇಳಿಲ್ಲ.
ಗುರುವಾರಕ್ಕೆ ಎರಡು ದಿನ ಇದೆ.