ಚೆಂಗಲರಾಯನ ಪದಕೋಶ

ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಚೆಂಗಲರಾಯನ ಕಟಿಂಗ್ ಶಾಪು.
ಎರಡು ಕುರ್ಚಿ; ಒಂದು ತಿರುಗುವುದಿಲ್ಲ.
ಹೊರಗೆ ಆಟೋಗೆ ಆಟೋ ತಾಗಿ
"ಲೇ ಬೇವರ್ಸಿ!" ಅಂತ ಒಬ್ಬ ಕೂಗಿದರೆ
ಒಳಗೆ ಇವನ ಕತ್ತರಿ ನಿಲ್ಲುತ್ತದೆ:
"ಬೇವರ್ಸಿ ಅಂದ್ರೆ ಗೊತ್ತಾ ಸ್ವಾಮಿ?
ಬೆವರು ಸುರಿಸ್ದೋನು. ಕೂತು ತಿನ್ನೋನು."

ಗೊತ್ತು. ಮೂವತ್ತು ವರ್ಷ ನಿಘಂಟಿನ ಕರಡು ತಿದ್ದಿದವನು ನಾನು.
ವಾರಸುದಾರರಿಲ್ಲದವನು,
ಸತ್ತರೆ ಕೊಳ್ಳಿ ಇಡಲು ಗತಿಯಿಲ್ಲದವನು,
ಪಾರಸಿಯಿಂದ ಕುದುರೆ ಹತ್ತಿ ಬಂದು
ನಮ್ಮ ಪೇಟೆಯಲ್ಲಿ ಇಳಿದ ಪದ.
ಆದರೆ ಕುತ್ತಿಗೆಯ ಮೇಲೆ ಕತ್ತಿ ಇರುವಾಗ
ಯಾರು ತಿದ್ದುತ್ತಾರೆ?

"ದರಬೇಸಿ?" ಎಂದು ಕೆಣಕುತ್ತೇನೆ.
"ದರ ಏಸು, ದರ ಏಸು ಅಂತ ಮಾರ್ಕೆಟ್ಟೆಲ್ಲ ಕೇಳಿ
ಒಂದು ಕಟ್ಟು ಸೊಪ್ಪೂ ಕೊಳ್ದೆ ಹೋಗ್ತಾನಲ್ಲ, ಅವನು."
ಪಾಪ, ದರವೇಶಿ.
ಜೋಳಿಗೆ ಹಿಡಿದು ದೇವರನ್ನು ಹಾಡಿಕೊಂಡು ಬಂದ ಫಕೀರ
ನಮ್ಮ ಬಾಯಲ್ಲಿ ಬೈಗುಳವಾಗಿ ಕೂತ.

"ಕಮಂಗಿ?"
"ದಂಡಿನ ಬಿಳಿ ದೊರೆ 'ಕಮಾನ್ ಜೀ, ಕಮಾನ್ ಜೀ' ಅಂತ
ಗಂಟಲು ಹರ್ಕೊಂಡ್ರೂ ಮಿಕಮಿಕ ನೋಡ್ತಾ ನಿಂತ ಜವಾನ."
ಇದರ ಮೂಲ ನನಗೂ ಗೊತ್ತಿಲ್ಲ;
ಕರಡಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದೆವು.
ಚೆಂಗಲರಾಯನ ಬಳಿ ಆ ಚಿಹ್ನೆಯೇ ಇಲ್ಲ.
"ಬಡ್ಡಿಮಗ? ಅಸಲೇ ಇಲ್ದೆ ಬೆಳೆಯೋನು!"
ಬೆಂಚಿಗೆ ಬೆಂಚೇ ನಗುತ್ತದೆ.

ಅವನನ್ನೇನು ಅನ್ನುವುದು, ಊರೇ ಹೀಗೆ.
ದಾರಿ ತಪ್ಪಿದ ದೊರೆಗೆ ಮುದುಕಿ ಬೆಂದ ಕಾಳು ಕೊಟ್ಟಳಂತೆ,
ಅದೇ ಬೆಂಗಳೂರಂತೆ.
ಆ ದೊರೆ ಹುಟ್ಟುವ ಮೊದಲೇ
ಬೇಗೂರಿನ ಕಲ್ಲು ಈ ಹೆಸರು ಕೆತ್ತಿಸಿಕೊಂಡು ನಿಂತಿತ್ತು.
ಕಲ್ಲನ್ನು ಯಾರು ಕೇಳಿದರು?
ಕಾಳಿಗೆ ಉಪ್ಪು ಹಿಡಿದಿತ್ತು.

ಮೊನ್ನೆ ಬೆಂಚಿನ ತುದಿಯ ಹುಡುಗ,
ಮೀಸೆ ಇನ್ನೂ ಬಾರದವನು,
ಮೊಬೈಲಿನಿಂದ ತಲೆ ಎತ್ತಿ ಕೇಳಿದ:
"ಅಂಕಲ್, ಬೋಳಿಮಗ ಅಂದ್ರೆ?"

ನನ್ನ ಕಿವಿಯ ಹಿಂದೆ ಕತ್ತಿ ನಿಂತಿತು.

ಕನ್ನಡಿಯಲ್ಲಿ ಅವನು ನನ್ನನ್ನು ನೋಡಿದ, ನಾನು ಅವನನ್ನು.
ಇವನ ತಾತ ನಮ್ಮ ಮನೆಯ ಹಿತ್ತಲ ಬಾಗಿಲಿಗೆ
ಬೆಳಕು ಹರಿಯುವ ಮುಂಚೆ ಬರುತ್ತಿದ್ದನಂತೆ.
ಅಜ್ಜಿಗೆ ಆಗ ಇಪ್ಪತ್ತೆರಡು; ಅಪ್ಪ ತೊಟ್ಟಿಲಲ್ಲಿ.
ಅವಳ ಕೆಂಪು ಸೀರೆಯ ಸೆರಗು ನೆತ್ತಿಯಿಂದ ಜಾರಿದ್ದನ್ನು
ನಾನು ಒಮ್ಮೆಯೂ ಕಂಡಿಲ್ಲ.
ಆ ಕತ್ತಿ ಈಗಲೂ ಇವನ ಡ್ರಾಯರಿನಲ್ಲಿದೆ,
ಬಟ್ಟೆ ಸುತ್ತಿ, ಬೇರೆಯಾಗಿ;
ಅದರಿಂದ ಯಾರ ಗಡ್ಡವನ್ನೂ ಇವನು ಹೆರೆದಿಲ್ಲ.
ಕರಡಿನಲ್ಲಿ ಆ ಪದ ಬಂದ ದಿನ
ಒಂದಕ್ಷರವೂ ಮುಟ್ಟದೆ ದಾಟಿಸಿದ್ದೆ.
ತಪ್ಪೇನೂ ಇರಲಿಲ್ಲ.

"ಬೋಳಿನಾ?" ಎಂದ ಚೆಂಗಲರಾಯ, ನೀರು ಚಿಮುಕಿಸುತ್ತ.
"ನಮ್ಮನೆ ತಮಿಳಲ್ಲಿ ಒಬ್ಬಟ್ಟಿಗೆ ಪೋಳಿ ಅಂತೀವಪ್ಪ.
ಇದ್ದಿದ್ರಲ್ಲೇ ಬೆಲ್ಲ ಕೂಡಿಸಿ, ತುಪ್ಪ ಸವರಿ
ಅವ್ವ ಒಬ್ಳೇ ಸಾಕಿದ ಮಗ.
ಪೋಳಿ ಮಗ. ಬರ್ತಾ ಬರ್ತಾ ಬೋಳಿ ಆಯ್ತು."
"ಮತ್ಯಾಕೆ ಬೈತಾರೆ?"
"ಹೊಟ್ಟೆಕಿಚ್ಚು."

ಹುಡುಗ ನಕ್ಕು ಮೊಬೈಲಿಗೆ ಮರಳಿದ.
ನಾನು ಸುಮ್ಮನಿದ್ದೆ.
ಈ ಸಲ ಕುತ್ತಿಗೆಯ ಮೇಲೆ ಕತ್ತಿ ಇರಲಿಲ್ಲ.

ನೂರರ ನೋಟು ಕೊಟ್ಟು, ಚಿಲ್ಲರೆ ಮರೆತು, ಹೊರಬಿದ್ದೆ.
ರಸ್ತೆ ದಾಟುವಾಗ ಸ್ಕೂಟರಿನವನೊಬ್ಬ
ಬ್ರೇಕು ಕಿರುಚಿಸಿ
ಅದೇ ಪದವನ್ನು, ಇಡಿಯಾಗಿ, ನನ್ನ ಮುಖಕ್ಕೆ ಎಸೆದ.
ಅಪ್ಪನ ವಿಳಾಸಕ್ಕೆ ಬರೆದದ್ದು,
ಒಂದು ತಲೆಮಾರು ತಡವಾಗಿ ತಲುಪಿದ ಟಪಾಲು.

ಏಲಕ್ಕಿ ಘಮ ಬಂತು ಎಂದರೆ ಸುಳ್ಳು.
ಇರಲಿ, ಬಂತು.