ಕೊನೆಯ ಗುಳಿ ನೀರಿಗೆ

ವೀಗೊ ಬಂದರಿನ ಹಿಂಬೀದಿ, ಎರಡನೇ ಮಹಡಿ.
ಸಬೇಲಾ ಚಿಮಟದಿಂದ ಬ್ರೆಡ್ಡಿನ ತರಿ ಕೆರೆದು
ಒಳಗಿನ ಬಿಳಿಯನ್ನು ಹುಡುಕುತ್ತಾಳೆ.
ತಲೆಯಿಲ್ಲ, ಬಾಲವಿಲ್ಲ, ಒಂದು ಹುರುಪೆಯೂ ಇಲ್ಲ.
ಡಬ್ಬದ ಮೇಲೆ ಹೆಸರು ಮಾತ್ರ ದಪ್ಪಕ್ಷರದಲ್ಲಿ:
‘ನಮ್ಮ ಕಡಲಿನ ಮೆರ್ಲೂಸಾ.’

ಹಾವಿನ ಹೆಜ್ಜೆ ಹಾವೇ ಬಲ್ಲದು, ಸರಿ.
ಹಿಟ್ಟಲ್ಲಿ ಹೊರಳಿ ಎಣ್ಣೆಯಲ್ಲಿ ಮಿಂದ ಮೀನಿನದು?

ಅಕ್ಕಿಕಾಳಿನಷ್ಟು ಮಾಂಸ ಸಾಕು.
ಐವತ್ತಾರು ಡಿಗ್ರಿಯಲ್ಲಿ ರಾತ್ರಿಯಿಡೀ ಕರಗಲಿ,
ಬೆಳಿಗ್ಗೆ ಗಿರ್ರನೆ ತಿರುಗಲಿ,
ಆಮೇಲೆ ಬಿಸಿ, ತಂಪು, ಬಿಸಿ, ತಂಪು, ಮೂವತ್ತೈದು ಸಲ;
ಒಂದು ಎರಡಾಗಿ, ಎರಡು ನಾಲ್ಕಾಗಿ
ಪಿಸುಮಾತು ಊರ ಮಾತಾದ ಹಾಗೆ ಹೆಚ್ಚಲಿ.
ಜೆಲ್ಲಿನ ಗುಳಿಗಳಿಗೆ ಒಂದೊಂದು ಹನಿ,
ಚನ್ನೆಮಣೆಗೆ ಕಾಯಿ ಹಂಚಿದಂತೆ.
ಕೊನೆಯ ಗುಳಿಗೆ ಬರೀ ನೀರು.
ಅಲ್ಲಿ ಏನೂ ಕಾಣಬಾರದು. ಕಂಡರೆ
ಯಾರದೋ ಕೈ ತಪ್ಪಿದೆ,
ಎಲ್ಲ ಮತ್ತೆ ಮೊದಲಿಂದ.

ಬ್ರೈಸ್ ದೀಪ ಆರಿಸುತ್ತಾನೆ.
ನೀಲಿ ಬೆಳಕಲ್ಲಿ ಗೆರೆಗಳು, ಗೆರೆಗಳು, ಕೊನೆಗೆ ಕತ್ತಲೆ.
‘ನೀರು ಶುದ್ಧ,’ ಅನ್ನುತ್ತಾನೆ, ಕಾಫಿಗೆ ಹೋಗುತ್ತಾನೆ.

ಮೂರನೇ ದಿನ ಅಕ್ಷರಗಳು ಬಂದವು.
ನಾಲ್ಕೇ ಅಕ್ಷರ, ಒತ್ತಿಲ್ಲ, ಕೊಂಬಿಲ್ಲ,
ಇನ್ನೂರರ ಉದ್ದಕ್ಕೆ ಬಿಡುವಿಲ್ಲದ ಒಂದೇ ಪದ.
ಇಲ್ಲಿಯದಲ್ಲ.
ನಮೀಬಿಯಾದ ತಣ್ಣೀರಿನದು. ಬೇರೆಯವನೇನಲ್ಲ,
ದಾಯಾದಿ.

ಆ ನೀರಲ್ಲಿ ಹನ್ನೆರಡು ವರ್ಷ ಬಲೆ ಎಳೆದವನು
ಅವಳಪ್ಪ ಎಲಾಡಿಯೊ.
ಹೆಬ್ಬೆರಳಿಂದ ಒತ್ತಿ ಹೇಳುತ್ತಿದ್ದ,
ನಾಲಿಗೆಗೆ ಚೂರು ತಾಗಿಸಿ ಹೇಳುತ್ತಿದ್ದ,
ಇದು ಇಲ್ಲಿಯದು, ಇದು ಅಲ್ಲಿಯದು, ಇದು ಐಸಿನಲ್ಲಿ ಹತ್ತು ದಿನ ಸುಳ್ಳು ಹೇಳಿದ್ದು.
ಹೋದ ಚಳಿಗಾಲದ ಜ್ವರ ಹೋಗುವಾಗ
ಅವನ ರುಚಿಯನ್ನೂ ಕಟ್ಟಿಕೊಂಡು ಹೋಯಿತು.
ಕಾಫಿಗೆ ಉಪ್ಪು ಬಿದ್ದರೂ ಕುಡಿದುಬಿಡುತ್ತಾನೆ.

ಭಾನುವಾರ. ಅಂಗಡಿಯಲ್ಲಿ ಅದೇ ಡಬ್ಬ ಇನ್ನೂ ಮಾರುತ್ತಿದ್ದರು.
ಯಾಕೆ ತಂದಳೋ, ತಂದಳು. ಕರಿದಿಟ್ಟಳು.
ಅವನು ನಿಧಾನ ಅಗಿದ,
ಕಿಟಕಿಯಾಚೆ ಕ್ರೇನುಗಳನ್ನು ನೋಡುತ್ತ.
‘ನಮ್ಮ ಕಡಲಿನದು,’ ಅಂದ. ‘ಬಾಯಿಗಿಟ್ಟರೆ ಸಾಕು, ಗೊತ್ತಾಗುತ್ತೆ.’
‘ಹೌದಪ್ಪಾ’ ಅಂದಳು,
ಬೆಳಗಾದರೆ ವರದಿಗೆ ಸಹಿ ಹಾಕಬೇಕಾದವಳು.

ಹಾಕಿದಳು.
ಮಾದರಿ ಹದಿನೇಳು: ಹೆಸರು ಸುಳ್ಳು.
ಅದರ ಕೆಳಗೆ, ಎಂದಿನಂತೆ,
ನೀರಿನ ಗುಳಿ: ಏನೂ ಕಾಣಲಿಲ್ಲ.