ಅಲ್ಲಾಡಬೇಡಿ

ನಲವತ್ತು ವರ್ಷ ಈ ಬೇಲೂರಿನಲ್ಲಿ
ನಾನು ಹೇಳಿದ್ದು ಒಂದೇ ಮಾತು: ಅಲ್ಲಾಡಬೇಡಿ.
ಎಸ್ಸೆಸ್ಸೆಲ್ಸಿ ಹುಡುಗರಿಗೆ, ಹೊಸ ಗಂಡಹೆಂಡಿರಿಗೆ,
ಕುರ್ಚಿಗೆ ಕಟ್ಟಿ ಕೂರಿಸಿದ್ದಾಗ, ಅಭ್ಯಾಸಬಲ,
ಒಮ್ಮೆ ಹೆಣಕ್ಕೂ.

ಮಖ್ದೂಮ್ ಸಾಬರು ಕಾಫಿ ಮಂಡಿಯಲ್ಲಿ ತೂಕದವರು.
ಮುಳ್ಳು ನಡುಗಿ ನಡುಗಿ ನಿಲ್ಲುವ ತನಕ
ಉಸಿರು ಬಿಡದವರು.
ಅಂಥವರಿಗೆ ಉರುಸಿನ ರಾತ್ರಿ ಹಾಲ್ ಬರುತ್ತದೆ ಎಂದರು.
ನಾನು ಹಾಲು ಎಂದೇ ತಿಳಿದಿದ್ದೆ,
ಕಾದು ಕಾದು, ಕಣ್ಣು ತಪ್ಪಿದ ಗಳಿಗೆ ಉಕ್ಕುವುದು.
ನೋಡಿದ ಮೇಲೆ, ತಿಳಿದದ್ದು ತಪ್ಪೇನಲ್ಲ ಅನ್ನಿಸಿತು.

ಯಗಚಿಯ ಕಡೆಯಿಂದ ಚಳಿ. ಟ್ಯೂಬ್‌ಲೈಟಿಗೆ ಹುಳ.
ಹಾರ್ಮೋನಿಯಮ್ಮಿನ ಒಂದು ಮನೆ ಕೆಟ್ಟಿತ್ತು,
ಕವ್ವಾಲ ಅದನ್ನು ದಾಟಿಕೊಂಡೇ ಹಾಡುತ್ತಿದ್ದ.
ಸಾಬರು ಚಪ್ಪಲಿಯ ಪಕ್ಕ ಕನ್ನಡಕ ಬಿಚ್ಚಿಟ್ಟು
ಎಡ ಹಿಮ್ಮಡಿಯ ಮೇಲೆ ತಿರುಗಿದರು, ಮೊದಲು
ಮರೆತ ಬೀಗದಕೈಗೆ ವಾಪಸಾಗುವವರ ಹಾಗೆ,
ಆಮೇಲೆ ಹಾಗಲ್ಲ.

ಫ್ಲ್ಯಾಶ್ ಹಾಕಿ ಹಿಡಿದೆ.
ಬಂದದ್ದು: ಬೀಳುತ್ತಿರುವ ಒಬ್ಬ ಮುದುಕ.
ಬಾಯಿ ತೆರೆದಿದೆ, ಕಾಲಿನ ನರ ಉಬ್ಬಿದೆ,
ಯಾರಾದರೂ ಓಡಿಬಂದು ಆತುಕೊಳ್ಳಬೇಕು.
ಸುಳ್ಳು. ಅವರು ಬೀಳಲೇ ಇಲ್ಲ.

ಫ್ಲ್ಯಾಶ್ ಆರಿಸಿ ಅರ್ಧ ಸೆಕೆಂಡು ಶಟರ್ ತೆರೆದಿಟ್ಟೆ.
ಗೋಡೆ ಸ್ಪಷ್ಟ, ಕೂತ ಹುಡುಗರ ಟೋಪಿ ಸ್ಪಷ್ಟ,
ಹಸಿರು ಚಾದರದ ಜರಿ ಎಣಿಸಬಹುದು.
ನಡುವೆ ಮನುಷ್ಯನಿಲ್ಲ.
ಬಿಳಿಯ ಒಂದು ಕಂಬ, ಬಳೆ ಬಳೆಯಾಗಿ,
ಕೆಳಗೆ ಅಗಲ, ಸೊಂಟದಲ್ಲಿ ಸಪೂರ, ಮೇಲೆ ಗಂಟೆ.

ಇದನ್ನೆಲ್ಲೋ ನೋಡಿದ್ದೇನೆ ಎಂದು ಎರಡು ದಿನ ಒದ್ದಾಡಿದೆ.
ದಿನಾ ನೋಡುತ್ತೇನಲ್ಲ! ದೇವಸ್ಥಾನದ ನವರಂಗದಲ್ಲಿ
ಕಲ್ಲನ್ನೇ ತಿರುಗಣಿಗೆ ಹಾಕಿ ಕಡೆದ ಕಂಬಗಳು,
ಬಂದವರನ್ನು ಪಕ್ಕ ನಿಲ್ಲಿಸಿ
ಅಲ್ಲಾಡಬೇಡಿ, ಅಲ್ಲಾಡಬೇಡಿ ಎಂದು
ನಾನೇ ಸಾವಿರ ಸಲ ತೆಗೆದ ಕಂಬಗಳು.
ಒಂದು ಹಿಂದೆ ತಿರುಗುತ್ತಿತ್ತಂತೆ, ಗೈಡುಗಳು ಹೇಳುತ್ತಾರೆ.
ಹೂಂಗುಟ್ಟಿ ಸುಮ್ಮನಾಗುತ್ತಿದ್ದವನು ಅವತ್ತು ಹೋಗಿ ಕೈಯಿಟ್ಟೆ.
ತಣ್ಣಗಿತ್ತು. ಕಲ್ಲು ತಾನೆ.
ಆದರೂ ಕೈ ತೆಗೆಯುವಾಗ ಮೆಲ್ಲಗೆ ತೆಗೆದೆ.

ಎರಡೂ ಪ್ರಿಂಟನ್ನು ಮಂಡಿಗೆ ಒಯ್ದೆ.
ಮೊದಲನೆಯದಕ್ಕೆ, "ಅಯ್ಯೋ, ಯಾರಿದು, ಪಾಪ" ಅಂದರು.
ಎರಡನೆಯದನ್ನು ಅಷ್ಟಾಗಿ ನೋಡಲೂ ಇಲ್ಲ.
ತಕ್ಕಡಿಯ ತಟ್ಟೆಯ ಧೂಳು ಅಂಗೈಯಲ್ಲಿ ಒರೆಸಿ
ಅದರ ಮೇಲಿಟ್ಟರು.
ಉಸಿರು ಹಿಡಿದು ಮುಳ್ಳನ್ನು ನೋಡಿದರು. ನಾನೂ.

ಅಲ್ಲಾಡಲಿಲ್ಲ.

"ಸರಿಯಾಗಿ ಬಂದಿದೆ" ಅಂದರು,
ಹೊರಗೆ ಮೂಟೆಯ ಗಾಡಿ ಬಂತೆಂದು ಎದ್ದರು.